ಮೂರನೆಯ ಅಮಾವಾಸ್ಯೆಯ ನಿಂಬೆಹಣ್ಣು

ಎಷ್ಟೋ ಊರುಗಳಲ್ಲಿ ಬಾಡಿಗೆಯವರು ಮನೆ ಒಡೆಯರನ್ನು ಕಂಡರೆ ಅಡಗಿಕೊಳ್ಳುತ್ತಾರೆ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳಿದರೆ ಸಾಕು, ಒಲೆ ಸಣ್ಣಗೆ ಮಾಡಿ, ಮಕ್ಕಳ ಬಾಯಿ ಮುಚ್ಚಿ, ಮನೆಯಲ್ಲಿ ಯಾರೂ ಇಲ್ಲವೆಂಬಂತೆ ಕೂರುತ್ತಾರೆ. ಆ ಒಂದು ಊರಿನಲ್ಲಿ ಮಾತ್ರ ಒಡೆಯರೇ ಬಾಡಿಗೆಯವರನ್ನು ಕಂಡು ಅಡಗುತ್ತಿದ್ದರು. ಅದೂ ಅಮಾವಾಸ್ಯೆಯ ದಿನ. ಅದೂ ಬಲಗೈಯನ್ನು ಮುಷ್ಟಿ ಮಾಡಿಕೊಂಡು.

ಆ ಊರಿನ ಕಟ್ಟಳೆ ಹೀಗಿತ್ತು. ಬಾಡಿಗೆ ಎಂದರೆ ತಿಂಗಳಿಗೊಂದು ನಿಂಬೆಹಣ್ಣು. ಯಾವ ಕಾಲದಲ್ಲಿ ಯಾರು ಗೊತ್ತುಮಾಡಿದ್ದೋ ಏನೋ, ಮನೆ ಎರಡಂಕಣದ್ದಾಗಲಿ ಎಂಟಂಕಣದ್ದಾಗಲಿ ಒಂದೇ ಹಣ್ಣು. ಎರಡು ಕೇಳುವಂತಿಲ್ಲ, ದಪ್ಪನೆಯದು ಕೇಳುವಂತಿಲ್ಲ. ಅಮಾವಾಸ್ಯೆಯ ಸೂರ್ಯ ಹುಟ್ಟಿದ ಮೇಲೆ, ಮುಳುಗುವ ಮುನ್ನ, ಆ ಹಣ್ಣು ಬಾಡಿಗೆಯವನ ಬಲ ಅಂಗೈಯಿಂದ ಒಡೆಯನ ಬಲ ಅಂಗೈಗೆ ಸೇರಬೇಕು. ಸೇರಿತೋ, ಮನೆ ಬಾಡಿಗೆಯವನ ಕೈಯಲ್ಲೇ ಉಳಿಯಿತು. ಒಂದರ ಮೇಲೊಂದು ಮೂರು ಅಮಾವಾಸ್ಯೆ ಸೇರದೆ ಹೋಯಿತೋ, ಮನೆ ತಿರುಗಿತು. ಹಾಗೆಂದೇ ಅಲ್ಲಿಯವರು ಹೇಳುತ್ತಿದ್ದರು: ಮನೆ ತಿರುಗಿತು, ಒಡೆಯನ ಕಡೆಗೆ ಮುಖ ಮಾಡಿತು. ಮೂರನೆಯ ಸಂಜೆ ಸೂರ್ಯನ ಜೊತೆಗೇ ಬಾಡಿಗೆಯವನೂ ಗಂಟುಮೂಟೆ ಕಟ್ಟಿ ಇಳಿಯಬೇಕು.

ಬಿಟ್ಟು ಹೋಗು ಎಂದು ಬಾಯಲ್ಲಿ ಹೇಳುವ ಹಕ್ಕು ಒಡೆಯನಿಗಿರಲಿಲ್ಲ. ಅವನಿಗಿದ್ದದ್ದು ಒಂದೇ ಹಕ್ಕು, ಕೈ ಮುಚ್ಚಿಕೊಳ್ಳುವುದು. ಮುಚ್ಚಿದ ಬೆರಳನ್ನು ಬಿಡಿಸುವ ಹಕ್ಕು ಬಾಡಿಗೆಯವನಿಗೂ ಇರಲಿಲ್ಲ. ಆದರೆ ತಾನಾಗಿ ತೆರೆದುಕೊಂಡ ಕೈ ತೆರೆದ ಕೈಯೇ. ಮರೆತು ತೆರೆದರೂ, ಬೆಚ್ಚಿ ತೆರೆದರೂ, ತೂಕಡಿಸಿ ತೆರೆದರೂ.

ಸುಳ್ಳು ಹೇಳುವವರು ಎಲ್ಲ ಊರಿನಲ್ಲಿರುವಂತೆ ಅಲ್ಲಿಯೂ ಇದ್ದರಲ್ಲ, ಅದಕ್ಕಾಗಿ ಊರು ಒಬ್ಬ ಮೂಸುಗಾರನನ್ನು ಇಟ್ಟುಕೊಂಡಿತ್ತು. ಮೂರನೆಯ ಅಮಾವಾಸ್ಯೆ ಯಾರಿಗೆ ಬಂದಿದೆಯೋ ಆ ಒಡೆಯರು ಸಂಜೆ ಅರಳಿಕಟ್ಟೆಯ ಮುಂದೆ ಸಾಲಾಗಿ ನಿಲ್ಲಬೇಕು. ಮೂಸುಗಾರ ಬರುತ್ತಾನೆ. ಒಬ್ಬೊಬ್ಬರೇ ಕೈ ತೆರೆಯುತ್ತಾರೆ. ಅವನು ಬಗ್ಗಿ ಅಂಗೈ ಮೂಸುತ್ತಾನೆ. ನಿಂಬೆಯ ವಾಸನೆ ಬಂದರೆ ಹಣ್ಣು ಸೇರಿದೆ ಎಂದರ್ಥ. ಬಾರದಿದ್ದರೆ ಮನೆ ತಿರುಗಿತು. ಸಾಕ್ಷಿ ಬೇಡ, ಕಾಗದ ಬೇಡ, ವಕೀಲ ಬೇಡ. ಒಂದು ಮೂಗು, ಅಷ್ಟೆ. ಹಿಂದೊಮ್ಮೆ ಒಬ್ಬ ಅಂಗೈಗೆ ಇಂಗು ಉಜ್ಜಿಕೊಂಡು ಬಂದಿದ್ದನಂತೆ. ಮೂಸುಗಾರ ಕಣ್ಣು ಮುಚ್ಚಿಕೊಂಡು, "ಮೇಲೆ ಇಂಗು, ಕೆಳಗೆ ನಿಂಬೆ, ಅದರ ಕೆಳಗೆ ಭಯ" ಎಂದು ಕೂಗಿ ಹೇಳಿದನಂತೆ. ಆಮೇಲೆ ಯಾರೂ ಇಂಗಿನ ಸಹವಾಸಕ್ಕೆ ಹೋಗಿರಲಿಲ್ಲ.

ಇನ್ನೂ ಒಂದು ಸಂಗತಿ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆ ಊರಿನಲ್ಲಿ ತನ್ನ ಮನೆಯಲ್ಲಿ ತಾನಿರುವವರು ಯಾರೂ ಇರಲಿಲ್ಲ. ಎಲ್ಲರಿಗೂ ಒಂದೊಂದು ಮನೆ ಇತ್ತು, ಎಲ್ಲರೂ ಇನ್ನೊಬ್ಬರ ಮನೆಯಲ್ಲಿದ್ದರು. ಯಾವನೋ ಒಬ್ಬ ಮದುವೆಗೆಂದು ನಾಲ್ಕು ದಿನ ಮನೆ ಬಿಟ್ಟುಕೊಟ್ಟು ಹೋಗಿ ಬರುವಷ್ಟರಲ್ಲಿ ನಿಂಬೆಹಣ್ಣು ಕೈಗೆ ಬಂದಿತ್ತು. ಅವನು ಪಕ್ಕದ ಮನೆ ಹಿಡಿದ. ಪಕ್ಕದ ಮನೆಯವನು ಮುಂದಿನದು ಹಿಡಿದ. ಹೀಗೆ ಊರಿಗೆ ಊರೇ ಒಂದೊಂದು ಬಾಗಿಲು ಜರುಗಿ ನಿಂತುಬಿಟ್ಟಿತ್ತು. ಹಾಗಾಗಿ ಪ್ರತಿಯೊಬ್ಬನಿಗೂ ಅಮಾವಾಸ್ಯೆಯ ಬೆಳಿಗ್ಗೆ ಒಂದೇ ಯೋಚನೆ: ಇವತ್ತು ನಾನು ಒಡೆಯನೋ, ಬಾಡಿಗೆಯವನೋ? ಎರಡೂ ಆಗುವಂತಿಲ್ಲ. ತನ್ನ ಬಾಡಿಗೆ ಕೊಡಬೇಕಾದರೆ ಹಣ್ಣನ್ನು ಬಲಗೈಯಲ್ಲಿ ಹಿಡಿಯಬೇಕು. ಹಿಡಿದ ಕೈ ನಾರುತ್ತದೆ. ಕೊಟ್ಟ ವಾಸನೆಯೋ ತೆಗೆದುಕೊಂಡ ವಾಸನೆಯೋ ಎಂದು ಮೂಗು ಕೇಳುವುದಿಲ್ಲ.

ಈ ಕಥೆಯ ಒಡತಿ ಎರಡು ಅಮಾವಾಸ್ಯೆಗಳಿಂದ ಒಡತಿಯಾಗಿದ್ದಳು.

ಅಂದರೆ ಎರಡು ಅಮಾವಾಸ್ಯೆಗಳಿಂದ ತನ್ನ ಬಾಡಿಗೆಯನ್ನು ಕೊಟ್ಟಿರಲಿಲ್ಲ. ಈ ಬೀದಿಯ ಈ ಬದಿಯಲ್ಲಿ ಅವಳಿದ್ದ ಮನೆ ಒಬ್ಬ ಯಜಮಾನರದು. ಆ ಬದಿಯಲ್ಲಿ, ಬಾಗಿಲು ತೆರೆದರೆ ಕಣ್ಣಿಗೆ ಬೀಳುವಂತೆ, ಅವಳ ಸ್ವಂತ ಮನೆ. ಅದರಲ್ಲಿ ಬಾಡಿಗೆಯವನಿದ್ದ. ಅವನು ಅವಳ ಮನೆಯ ಗೋಡೆ ಒಡೆದು ಹೊಸ ಬಾಗಿಲಿಟ್ಟಿದ್ದ, ಹಳೆಯ ಬಾಗಿಲಿಗೆ ಇಟ್ಟಿಗೆ ಕಟ್ಟಿದ್ದ. ಹಿತ್ತಲ ಕರಿಬೇವಿನ ಗಿಡ ಕಡಿದಿದ್ದ. ಜಗುಲಿಯನ್ನು ಒಬ್ಬ ಕ್ಷೌರದವನಿಗೆ ಕೊಟ್ಟಿದ್ದ. ಬಾಣಂತಿ ಕೋಣೆಯಲ್ಲಿ ಆಡು ಕಟ್ಟಿದ್ದ. ಇಷ್ಟೆಲ್ಲ ಮಾಡಿಯೂ ವಾರಕ್ಕೊಮ್ಮೆ ಹೇಳಿ ಕಳಿಸುತ್ತಿದ್ದ: ಸೂರು ಸೋರುತ್ತಿದೆ, ಒಡತಿ ಹೆಂಚು ಹೊದಿಸಬೇಕು.

ಮೂರನೆಯ ಅಮಾವಾಸ್ಯೆ ಬಂದಾಗ ಅವಳ ಮಗಳು ಹೆತ್ತು ಒಂಬತ್ತು ದಿನವಾಗಿತ್ತು. ಇನ್ನೂ ಹೆಸರಿಡದ ಕೂಸು. ಮಗಳ ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮಂಚದ ಕೆಳಗೆ ಕೆಂಡ. ಇವತ್ತು ಒಡತಿಯ ಕೈ ಮುಚ್ಚಿಯೇ ಉಳಿದರೆ ಸಂಜೆಗೆ ಬೀದಿ ದಾಟಿ ಸ್ವಂತ ಮನೆಗೆ ಹೋಗಬಹುದು. ಕೈ ತೆರೆದುಕೊಂಡರೆ ಆ ಮನೆಯೂ ಇಲ್ಲ. ಬಾಡಿಗೆ ಕೊಡದ ಈ ಮನೆಯೂ ಇಲ್ಲ. ಒಂಬತ್ತು ದಿನದ ಬಾಣಂತಿಯನ್ನು ಕೆಂಡದ ಸಮೇತ ಬೀದಿಗೆ ತರಬೇಕು. ಎರಡು ಮನೆಯ ಭಾರ ಐದು ಬೆರಳಿನ ಮೇಲೆ ಬಿದ್ದಿತ್ತು.

ಅದಕ್ಕೇ ಅವಳು ಸೂರ್ಯ ಹುಟ್ಟುವ ಮೊದಲೇ ಬಲಗೈ ಮುಷ್ಟಿ ಮಾಡಿ, ಮೇಲೆ ಹಳೆಯ ಸೀರೆಯ ಚೂರು ಸುತ್ತಿ, ಹಲ್ಲಿನಿಂದ ಗಂಟು ಎಳೆದಿದ್ದಳು. ಮನೆಯಲ್ಲಿದ್ದ ನಿಂಬೆಹಣ್ಣನ್ನೆಲ್ಲ ಹಿಂದಿನ ದಿನವೇ ನೆರೆಯವರಿಗೆ ಕೊಟ್ಟು ಖಾಲಿ ಮಾಡಿದ್ದಳು. ಎಡಗೈಯಲ್ಲಿ ಒಲೆ ಹಚ್ಚಿದಳು. ಎಡಗೈಯಲ್ಲಿ ಅಕ್ಕಿ ತೊಳೆದಳು. ಎಡಗೈಯಲ್ಲಿ ಮೆಣಸಿನ ಸಾರು ಬಡಿಸಿದಾಗ ಮಗಳು ಮುಖ ಸಿಂಡರಿಸಿದಳು.

"ಅಮ್ಮಾ, ಎಡಗೈಲಿ ಬಡಿಸ್ಬೇಡ. ಊಟ ಸೇರಲ್ಲ ನಂಗೆ."

"ಇವತ್ತೊಂದಿನ ಕಣೇ. ನಾಳೆ ನಮ್ಮನೇಲಿ ಎರಡೂ ಕೈಯಲ್ಲಿ ಬಡಿಸ್ತೀನಿ."

"ಆ ಮನೇಲಿ ಆಡಿನ ವಾಸನೆ ಇರುತ್ತೆ."

"ಆಡಿನ ವಾಸನೆ ತೊಳೆದ್ರೆ ಹೋಗುತ್ತೆ. ತಿನ್ನು."

ಮೊದಲ ಏಟು ಬಿದ್ದದ್ದು ಅಂಗಳ ಗುಡಿಸುವಾಗ. ಗೋಡೆಯಾಚೆಯಿಂದ ಬಾಡಿಗೆಯವನ ದನಿ ಸೀಳಿಕೊಂಡು ಬಂತು: "ಅಮ್ಮಾವ್ರೇ! ಕೂಸು ಬಿತ್ತು! ಹಿಡ್ಕೊಳ್ಳಿ!"

ಒಡತಿಯ ಕೈ ತಾನಾಗಿ ಮುಂದೆ ಹೋಯಿತು. ಬಟ್ಟೆಯ ಒಳಗೆ ಬೆರಳುಗಳು ಅರಳಲು ಒದ್ದಾಡಿದವು. ಗಂಟು ಬಿಗಿಯಾಗಿದ್ದರಿಂದ ಬಚಾವು. ಗೋಡೆಯ ಮೇಲಿಂದ ಹಾರಿಬಂದ ಹಳದಿ ಹಣ್ಣು ಬಟ್ಟೆಗೆ ತಗುಲಿ ನೆಲಕ್ಕೆ ಬಿದ್ದು ಉರುಳಿತು. ಗೋಡೆಯ ಮೇಲೆ ಅವನ ತಲೆ ಕಾಣಿಸಿತು.

"ಥೂ, ನಿನ್ನ ಬಾಯಿಗಿಷ್ಟು! ಹಸುಗೂಸಿನ ಹೆಸರು ಎತ್ತಿ ಮೋಸ ಮಾಡ್ತೀಯಲ್ಲಯ್ಯ."

"ಏನು ಮಾಡ್ಲಿ ಅಮ್ಮಾವ್ರೇ? ಹೋದ ತಿಂಗಳು 'ಹಾವು' ಅಂದೆ, ನೀವು ಕೈ ತೆಗೀಲಿಲ್ಲ. ಅದರ ಹಿಂದಿನ ತಿಂಗಳು ನಿಮ್ಮ ಕಾಲಿಗೇ ಬಿದ್ದೆ, ಎತ್ತಲಿಲ್ಲ. ಇನ್ನೇನುಳಿದಿದೆ ನಂಗೆ?"

"ಮರ್ಯಾದೆ ಉಳಿದಿದೆಯೇನೋ ನೋಡ್ಕೊ."

"ಮರ್ಯಾದೆ ಹೊದ್ದು ಮಲಗೋಕಾಗುತ್ತಾ? ಸೂರು ಬೇಕಲ್ಲ," ಎಂದು ಅವನು ಗೋಡೆ ಇಳಿದ. ಇಳಿಯುತ್ತ, "ಸೂರು ಅಂದ್ಮೇಲೆ ನೆನಪಾಯ್ತು, ಅಡುಗೆಮನೆ ಮೇಲೆ ಎರಡು ಹೆಂಚು..." ಎನ್ನುತ್ತಿದ್ದ. ಅವಳು ಕೇಳಿಸಿಕೊಳ್ಳಲಿಲ್ಲ. ನೆಲದ ಮೇಲಿದ್ದ ಹಣ್ಣನ್ನು ಪೊರಕೆಯಿಂದ ತಳ್ಳುತ್ತ ತಳ್ಳುತ್ತ ಅಡುಗೆಮನೆಯ ಮೂಲೆಗೆ ಕೊಂಡೊಯ್ದು ಮೇಲೆ ಬುಟ್ಟಿ ಮುಚ್ಚಿದಳು. ಅಮಾವಾಸ್ಯೆಯ ನಿಂಬೆಹಣ್ಣನ್ನು ಬೀದಿಗೆ ಎಸೆದು ಯಾರ ಕಾಲಿಗೋ ಸಿಗುವಂತೆ ಮಾಡುವಷ್ಟು ಕೆಟ್ಟವಳಲ್ಲ ಅವಳು.

ಎರಡನೆಯದು ಬಿಸಿಲೇರಿದ ಮೇಲೆ ಬಂತು, ಸೀರೆಯುಟ್ಟು, ತಲೆತುಂಬ ಹೂ ಮುಡಿದು. ಬಾಡಿಗೆಯವನ ಹೆಂಡತಿ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅರಿಶಿನ ಕುಂಕುಮ, ಎಲೆಯಡಿಕೆ, ಎಲೆಯ ಕೆಳಗೆ ಸಣ್ಣದೊಂದು ಉಬ್ಬು.

"ಬಾಣಂತಿಗೆ ಅರಿಶಿನ ಕುಂಕುಮ ತಂದೆ ಅಕ್ಕ. ತಟ್ಟೆ ಹಿಡ್ಕೊಳ್ಳಿ."

"ಹೊಸ್ತಿಲ ಮೇಲೆ ಇಟ್ಟು ಹೋಗು ತಾಯಿ."

"ಅಯ್ಯೋ, ಕುಂಕುಮ ಯಾರಾದ್ರೂ ನೆಲದ ಮೇಲಿಡ್ತಾರಾ?"

"ಎಲೆ ಕೆಳಗೆ ಬಾಡಿಗೆ ಬಚ್ಚಿಟ್ಟು ಯಾರಾದ್ರೂ ಕುಂಕುಮ ತರ್ತಾರಾ?"

ಅವಳು ನಾಚಲಿಲ್ಲ. ನಕ್ಕಳು. ತಟ್ಟೆಯನ್ನು ಸೊಂಟಕ್ಕೊತ್ತಿ ಒಳಗೆ ಇಣುಕಿದಳು. "ಎಡಗೈಲಿ ಅಡುಗೆ, ಎಡಗೈಲಿ ಆರೈಕೆ. ಈ ಮನೆ ಕೂಸು ಎಡಚ ಆಗದಿದ್ರೆ ಸಾಕು." ಅಷ್ಟು ಹೇಳಿ ಕೂಸನ್ನು ನೋಡಿದಳು. ನೋಡಿದ್ದೇ ಅವಳ ಮುಖ ಮೆತ್ತಗಾಯಿತು. "ಅಬ್ಬಬ್ಬಾ! ಏನು ಬಣ್ಣ, ಏನು ಕೂದಲು! ಒಂಬತ್ತು ದಿನದ್ದು ಅಂತ ಯಾರಾದ್ರೂ ಹೇಳ್ತಾರಾ ಇದನ್ನ?" ಎಂದಳು. ಅದು ತಂತ್ರವಾಗಿತ್ತೋ ಮನಸ್ಸಿನಿಂದ ಬಂದ ಮಾತೋ, ಅವಳಿಗೇ ಗೊತ್ತಿರಲಿಕ್ಕಿಲ್ಲ. ಒಡತಿ ಸರಸರನೆ ಕೋಣೆಯ ಪರದೆ ಎಳೆದಳು.

ನಡುಹಗಲಿಗೆ ಯಜಮಾನರು ಬಂದರು. ಈ ಮನೆಯ ಒಡೆಯರು, ಎಪ್ಪತ್ತು ದಾಟಿದ ಒಂಟಿ ಜೀವ. ಬಲಗೈ ಪಂಚೆಯ ಸೆರಗಿನಲ್ಲಿ ಸುತ್ತಿತ್ತು. ಅವರದೂ ಇದು ಮೂರನೆಯ ಅಮಾವಾಸ್ಯೆ, ಇವಳ ಹಣ್ಣು ತೆಗೆದುಕೊಳ್ಳದ ಮೂರನೆಯದು. ಆದರೆ ಓಡಿಸಿಕೊಂಡು ಬರುವವರಿಲ್ಲದೆ ಅಡಗಿ ಕೂರುವುದು ಅವರಿಗೆ ಅಭ್ಯಾಸವಿರಲಿಲ್ಲ. ಹಿಂದೆಲ್ಲ ಅವರು ಹುಲ್ಲಿನ ಮೆದೆಯಲ್ಲಿ ಅಡಗುತ್ತಿದ್ದರು, ಇವಳು ಹುಡುಕಿ ಹಿಡಿಯುತ್ತಿದ್ದಳು. ಒಮ್ಮೆ ಸೀನುವಾಗ ಮೂಗಿಗೆ ಕೈ ತೆರೆದು ಸಿಕ್ಕಿಬಿದ್ದಿದ್ದರು.

"ಏನವ್ವ, ಈ ಸಲವೂ ನನ್ನ ಹುಡುಕೋಕೆ ಬರ್ಲಿಲ್ಲ?" ಎಂದರು. ದನಿಯಲ್ಲಿ ಆಸೆಯೂ ಇತ್ತು, ಸ್ವಲ್ಪ ಮುನಿಸೂ ಇತ್ತು. "ಬೆಳಿಗ್ಗೆಯಿಂದ ಮೆದೇಲಿ ಕೂತು ಮೈಯೆಲ್ಲ ಕಡಿತ."

"ನಾನು ಬರಲ್ಲ ಯಜಮಾನ್ರೇ. ನನ್ನ ಕೈ ನೋಡಿ, ಕಟ್ಟಿದೀನಿ. ನಿಮ್ಮ ಮನೆ ನಿಮಗೆ, ನನ್ನ ಮನೆ ನನಗೆ."

"ನಿಜ ತಾನೆ? ಆಮೇಲೆ ಕೊನೇ ಗಳಿಗೇಲಿ ಬಂದು ನಿಂತ್ಕೊಂಡೀಯ. ನಾನೂ ನಾನಿರೋ ಮನೆ ಒಡೆಯ, ಆ ಎಣ್ಣೆ ಅಂಗಡಿಯವನಿಗೆ ಎರಡು ಅಮಾವಾಸ್ಯೆ ಹಣ್ಣು ಕೊಟ್ಟಿಲ್ಲವ್ವ. ಅವನ ಮನೇನೂ ಇವತ್ತೇ ತಿರುಗುತ್ತೆ. ನಿನ್ನೇ ನಂಬಿದೀನಿ."

"ಮಾತು ಕೊಟ್ಟೆ, ಹೋಗಿ."

ಯಜಮಾನರು ಗೋಡೆಯನ್ನು ನೋಡಿದರು, ಬಾಗಿಲಿನ ಚಿಲಕವನ್ನು ಎಡಗೈಯಲ್ಲಿ ಸವರಿದರು. ನಲವತ್ತು ವರ್ಷದಿಂದ ಒಳಗೆ ಕಾಲಿಟ್ಟಿರಲಿಲ್ಲವಂತೆ. "ಬಾಣಂತಿ ಇದ್ದಾಳೆ ಅಂತ ಕೇಳ್ದೆ. ನೀನು ಇವತ್ತೇ ಸಾಮಾನು ಎತ್ತಬೇಕು ಅಂತೇನಿಲ್ಲ. ಕೆಂಡ ಆರೋತನಕ ಆ ಕೋಣೆ ಇಟ್ಕೊ. ನಾನು ಜಗುಲೀಲಿ ಮಲಗ್ತೀನಿ," ಎಂದು ಹೇಳಿ ಹೋದರು. ಮನೆ ಒಡೆಯನೊಬ್ಬ ಹಾಗೆ ಹೇಳಿದ್ದನ್ನು ಆ ಊರಿನಲ್ಲಿ ಅದಕ್ಕೂ ಮೊದಲು ಯಾರೂ ಕೇಳಿರಲಿಲ್ಲ. ಒಡತಿ ಕಟ್ಟಿದ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಒಳ್ಳೆಯವರ ಎದುರು ಮುಷ್ಟಿ ಹಿಡಿದು ನಿಲ್ಲುವುದು ಕಷ್ಟ.

ಮಧ್ಯಾಹ್ನ ಇಳಿಯುವಾಗ ಕೂಸು ಅಳತೊಡಗಿತು.

ಮೊದಲು ಹಸಿವಿನ ಅಳು ಎಂದುಕೊಂಡರು. ಹಾಲು ಕುಡಿಯಲಿಲ್ಲ. ಹೊಟ್ಟೆನೋವೆಂದು ಬಜೆ ತೇದು ನಾಲಗೆಗೆ ಸವರಿದರು. ನಿಲ್ಲಲಿಲ್ಲ. ಇರುವೆ ಇದೆಯೇನೋ ಎಂದು ಬಟ್ಟೆ ಬಿಚ್ಚಿ ಕೊಡವಿದರು. ಕೂಸು ಉಸಿರು ಸಿಕ್ಕಿಸಿಕೊಂಡು, ತುಟಿ ನೀಲಿಯಾಗಿ, ಮುಷ್ಟಿ ಬಿಗಿದು ಅತ್ತಿತು. ಒಂದೊಂದು ಅಳುವಿನ ಕೊನೆಗೂ ಒಂದು ಮೌನ, ಮುಂದಿನ ಉಸಿರು ಬರುತ್ತದೋ ಇಲ್ಲವೋ ಎಂಬಂಥ ಮೌನ.

"ಅಮ್ಮಾ, ಏನಾದ್ರೂ ಮಾಡಮ್ಮಾ," ಮಗಳೂ ಅಳತೊಡಗಿದಳು. "ಆ ಹೆಂಗಸು ಬಾಯಿತುಂಬ ಹೊಗಳಿ ಹೋದ್ಲಲ್ಲ. ದೃಷ್ಟಿ ಆಗಿದೆ."

ದೃಷ್ಟಿ! ಒಡತಿಗೆ ಯಾಕೆ ಹೊಳೆಯಲಿಲ್ಲ? ಮೆಣಸಿನಕಾಯಿ ಸುಡುವಂತಿಲ್ಲ, ಘಾಟಿಗೆ ಕೂಸು ಸತ್ತೇಹೋದೀತು. ಮಗಳ ಕೈಯಲ್ಲಿ ಮಾಡಿಸುವಂತಿಲ್ಲ, ಬಾಣಂತಿ ಹುಳಿ ಮುಟ್ಟಬಾರದು. ಅಜ್ಜಿಯಾದವಳು ಎದ್ದಳು. ನೂರು ಸಲ ಮಾಡಿದ ಕೆಲಸ. ಕಾಲು ತಾನಾಗಿ ನಡೆಯಿತು. ಹಲ್ಲು ತಾನಾಗಿ ಗಂಟು ಬಿಚ್ಚಿತು, ಏಕೆಂದರೆ ಎಡಗೈಯಲ್ಲಿ ಕೂಸಿಗೆ ನಿವಾಳಿಸುವುದನ್ನು ಯಾವ ಅಜ್ಜಿಯೂ ಕನಸಿನಲ್ಲೂ ಎಣಿಸಳು. ಬುಟ್ಟಿ ಸರಿಯಿತು. ಬಲಗೈ ಹಣ್ಣನ್ನು ಎತ್ತಿಕೊಂಡಿತು.

ತಲೆಯಿಂದ ಕಾಲಿಗೆ ಮೂರು ಸಲ. ಕಾಲಿನಿಂದ ತಲೆಗೆ ಮೂರು ಸಲ. "ತಾಯಿ ಕಣ್ಣು, ನಾಯಿ ಕಣ್ಣು, ಹಾದು ಹೋದವರ ಕಣ್ಣು, ನಿಂತು ನೋಡಿದವರ ಕಣ್ಣು..." ಈಳಿಗೆಮಣೆಯ ಮೇಲೆ ಹಣ್ಣನ್ನು ಎರಡು ಹೋಳು ಮಾಡಿದಳು. ರಸ ಬೆರಳ ಸಂದಿಯಲ್ಲಿ ಇಳಿಯಿತು. ಕುಂಕುಮ ಸವರಿದಳು. ಬೀದಿಯ ಕೂಡಿಗೆಗೆ ಹೋಗಿ ಒಂದು ಹೋಳು ಎಡಕ್ಕೆ, ಒಂದು ಹೋಳು ಬಲಕ್ಕೆ ಎಸೆದು, ಹಿಂದಿರುಗಿ ನೋಡದೆ ಬಂದಳು.

ಮನೆಗೆ ಬಂದಾಗ ಕೂಸು ಮಲಗಿತ್ತು. ತುಟಿ ಕೆಂಪಗಿತ್ತು. ಮಗಳು ಕಣ್ಣೊರೆಸಿಕೊಂಡು ನಗುತ್ತಿದ್ದಳು. ನಗುತ್ತಿದ್ದವಳು ನಿಲ್ಲಿಸಿದಳು.

"ಅಮ್ಮಾ," ಎಂದಳು, "ನಿನ್ನ ಕೈ."

ಒಡತಿ ತನ್ನ ಕೈಯನ್ನು ನೋಡಿಕೊಂಡಳು. ಅದು ಅಗಲವಾಗಿ, ತಣ್ಣಗೆ, ಒದ್ದೆಯಾಗಿ ತೆರೆದುಕೊಂಡಿತ್ತು. ಮೂಸುವ ಅಗತ್ಯವೂ ಇರಲಿಲ್ಲ. ಮನೆಯೆಲ್ಲ ನಿಂಬೆಯ ವಾಸನೆ.

ಬೂದಿಯಿಂದ ಉಜ್ಜಿದಳು. ಸೀಗೆಪುಡಿಯಿಂದ ಉಜ್ಜಿದಳು. ಹುತ್ತದ ಮಣ್ಣು, ಸಗಣಿ, ಬಿಸಿನೀರು, ಬೇವಿನ ಎಣ್ಣೆ. ಪ್ರತಿ ಸಲವೂ ಕೈಯನ್ನು ಮಗಳ ಮೂಗಿನ ಮುಂದೆ ಹಿಡಿದಳು. ಪ್ರತಿ ಸಲವೂ ಮಗಳು ಕಣ್ಣು ಮುಚ್ಚಿ, ಉಸಿರೆಳೆದು, ಸುಳ್ಳು ಹೇಳಲು ಬಾಯಿ ತೆರೆದು, ಹೇಳಲಾಗದೆ ತಲೆಯಾಡಿಸಿದಳು. ಕೈಯ ಚರ್ಮ ಕೆಂಪಗಾಗಿ ಉರಿಯತೊಡಗಿತು. ವಾಸನೆ ಮಾತ್ರ ಉಜ್ಜಿದಷ್ಟೂ ಹೊಸದಾಗುತ್ತಿತ್ತು, ಈಗಷ್ಟೇ ಗಿಡದಿಂದ ಕಿತ್ತಂತೆ.

"ದೃಷ್ಟಿ ತೆಗೆದದ್ದು ಅಂತ ಹೇಳೋಣ ಅಮ್ಮ. ಎಲ್ಲರ ಮನೇಲೂ ಮಕ್ಕಳಿದ್ದಾವೆ. ಅವರಿಗೂ ಅರ್ಥ ಆಗುತ್ತೆ."

"ಮೂಗಿಗೆ ಏನೇ ಅರ್ಥ ಆಗುತ್ತೆ?"

ಬಾಗಿಲ ಸಂದಿಯಿಂದ ಬಿದ್ದ ಬಿಸಿಲ ಗೆರೆ ಒಲೆಯ ಹತ್ತಿರ ಹೋಗಿತ್ತು. ಅದು ಗೋಡೆ ಹತ್ತಿದರೆ ಸೂರ್ಯ ಮುಳುಗುವ ಹೊತ್ತು. ಒಡತಿ ಆ ಗೆರೆಯನ್ನೇ ನೋಡುತ್ತ ಕುಳಿತಳು. ಎರಡು ಮನೆಯೂ ಹೋಯಿತು, ಎಂದು ಮನಸ್ಸಿನಲ್ಲಿ ಅಂದುಕೊಂಡಳು. ಇನ್ನೊಮ್ಮೆ ಅಂದುಕೊಂಡಳು. ಮೂರನೆಯ ಸಲ ಅಂದುಕೊಳ್ಳುವಾಗ ತಡೆದಳು. ಒಡತಿಯ ಕೈ ಹಾಳಾಯಿತು, ಸರಿ. ಹಾಳಾದ ಕೈ ಇನ್ನೂ ಒಂದು ಕೆಲಸಕ್ಕೆ ಬರುತ್ತದಲ್ಲ! ನಾರುವ ಕೈಗೆ ಇನ್ನೊಂದು ಹಣ್ಣು ಹಿಡಿದರೆ ಏನು ನಷ್ಟ? ಬೆಳಿಗ್ಗೆ ಒಡತಿಯಾಗಿದ್ದವಳು ಸಂಜೆಗೆ ಬಾಡಿಗೆಯವಳಾಗಬಹುದು. ಮಾಡಬೇಕಾದದ್ದು ಇಷ್ಟೆ: ಸೂರ್ಯ ಮುಳುಗುವ ಮುನ್ನ ಯಜಮಾನರ ಅಂಗೈಯಲ್ಲಿ ಒಂದು ನಿಂಬೆಹಣ್ಣು.

ಯಜಮಾನರಿಗೆ ಮಾತು ಕೊಟ್ಟಿದ್ದಳು. ಅದನ್ನು ನೆನೆದಳು. ಆಮೇಲೆ ಒಳಕೋಣೆಯ ಕೆಂಡವನ್ನು ನೋಡಿದಳು.

ಆದರೆ ಹಣ್ಣೆಲ್ಲಿ? ಅಮಾವಾಸ್ಯೆಯ ಸಂಜೆ ಸಂತೆಯಲ್ಲಿ ಒಂದು ನಿಂಬೆಹಣ್ಣು ಉಳಿಯುವುದಿಲ್ಲ. ನೆರೆಯವರಿಗೆ ಕೊಟ್ಟದ್ದು ನೆರೆಯವರ ಕೆಲಸಕ್ಕೆ ಹೋಗಿತ್ತು. ಊರಿನಲ್ಲಿ ಅವಳಿಗೆ ಗೊತ್ತಿದ್ದ ಒಂದೇ ಒಂದು ಹಣ್ಣು ಎದುರು ಜಗುಲಿಯ ಮೇಲೆ ಕುಳಿತಿತ್ತು, ಬಾಡಿಗೆಯವನ ಅಂಗೈಯಲ್ಲಿ.

ಅವಳು ಬೀದಿ ದಾಟಿದಳು. ತನ್ನ ಮನೆಯ ಮುಂದೆ ನಿಂತು ಬಲಗೈ ಚಾಚಿದಳು. ಬೆರಳು ಬಿಚ್ಚಿ.

"ಕೊಡಪ್ಪ."

ಬಾಡಿಗೆಯವನು ಬೆದರಿ ಎದ್ದು ನಿಂತ. ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡ. "ಏನಮ್ಮಾವ್ರೇ, ಏನಿದು? ಇದರಲ್ಲೇನೋ ಇದೆ."

"ಏನೂ ಇಲ್ಲ. ಬಾಡಿಗೆ ಕೊಡು."

"ಕಟ್ಟಳೆ ಬದಲಾಯ್ತಾ? ತಗೊಂಡ್ರೇ ಮನೆ ತಿರುಗುತ್ತಾ ಈಗ?" ಅವನು ಹೆಂಡತಿಯ ಕಡೆ ತಿರುಗಿದ. "ಏನೇ, ನೀನೇನಾದ್ರೂ ಕೇಳಿದ್ಯಾ?"

"ಕೊಡ್ತೀಯೋ, ಕೈ ಮುಚ್ಚಿಕೊಳ್ಳಲೋ?"

ಅಷ್ಟು ಹೇಳಿದ್ದೇ ತಡ, ಹಣ್ಣು ಅವಳ ಅಂಗೈಯಲ್ಲಿತ್ತು. ಇಷ್ಟು ದಿನ ಯಾವುದಕ್ಕಾಗಿ ನಿದ್ದೆಗೆಟ್ಟಿದ್ದಳೋ ಆ ವಸ್ತು. ಬಹಳ ಹೊತ್ತು ಹಿಡಿದಿದ್ದರಿಂದ ಅದು ಅವನ ಮೈಯಂತೆ ಬೆಚ್ಚಗಿತ್ತು. ಬಾಡಿಗೆಯವನ ಕಣ್ಣಲ್ಲಿ ನೀರು ಬಂತು. ಅವನು ಬಗ್ಗಿ ಅವಳ ಕಾಲು ಮುಟ್ಟಿದ. "ನಿಮ್ಮ ಮನೇನ ದೇವಸ್ಥಾನದ ಹಾಗೆ ನೋಡ್ಕೊಳ್ತೀನಿ ಅಮ್ಮಾವ್ರೇ," ಎಂದ. ತಲೆಯೆತ್ತುತ್ತ, "ಅಡುಗೆಮನೆ ಮೇಲಿನ ಎರಡು ಹೆಂಚು..." ಎಂದ.

ಅವಳು ಆಗಲೇ ಓಡುತ್ತಿದ್ದಳು.

ಅರಳಿಕಟ್ಟೆಯ ಮುಂದೆ ಒಡೆಯರು ಸಾಲಾಗಿ ನಿಂತಿದ್ದರು. ಬಲಗೈಗಳು ಬಟ್ಟೆಯಲ್ಲಿ, ಚೀಲದಲ್ಲಿ, ಕಂಕುಳಲ್ಲಿ. ಅವರ ಸುತ್ತ ಬಾಡಿಗೆಯವರು ಹಣ್ಣು ಹಿಡಿದು ಮುತ್ತಿದ್ದರು. ಏಕೆಂದರೆ ಎಲ್ಲರಿಗೂ ಗೊತ್ತಿದ್ದ ಒಂದು ಗಳಿಗೆ ಬಾಕಿ ಇತ್ತು. ಮೂಸಬೇಕಾದರೆ ಕೈ ತೆರೆಯಬೇಕು. ತೆರೆದ ಕೈಗೂ ಮೂಸುವ ಮೂಗಿಗೂ ನಡುವೆ ಒಂದು ಗೇಣು ಗಾಳಿ ಇರುತ್ತದೆ. ಆ ಗೇಣಿನಲ್ಲಿ ಮನೆಗಳು ತಿರುಗಿದ್ದವು, ತಿರುಗದೆ ಉಳಿದಿದ್ದವು. ಅದಕ್ಕೇ ಒಡೆಯರು ಕೈ ತೆರೆಯುವ ಮುನ್ನ ಸುತ್ತಮುತ್ತ ನೋಡಿ, ತಮ್ಮ ಬಾಡಿಗೆಯವನು ಎಲ್ಲಿದ್ದಾನೆಂದು ಕಂಡುಕೊಂಡು, ಅವನಿಗೆ ಬೆನ್ನು ಕೊಟ್ಟು, ಮೂಸುಗಾರನ ಮೂಗಿಗೆ ಅಂಟಿಸಿದ ಹಾಗೆ ಅಂಗೈ ಬಿಚ್ಚುತ್ತಿದ್ದರು.

ಸಾಲಿನ ಮೊದಲಿಗೆ ಎಣ್ಣೆ ಅಂಗಡಿಯವನು. ನಡುವೆ ಯಜಮಾನರು. ಅವರು ಸುತ್ತಮುತ್ತ ನೋಡುತ್ತಿರಲಿಲ್ಲ. ಯಾರಿಗೂ ಬೆನ್ನು ಕೊಟ್ಟಿರಲಿಲ್ಲ. ಅವರಿಗೆ ಮಾತು ಸಿಕ್ಕಿತ್ತಲ್ಲ. ಕಂಕುಳಲ್ಲಿ ಒಂದು ಗಂಟು ಬೇರೆ ತಂದಿದ್ದರು, ಇಲ್ಲಿಂದ ನೇರ ಮನೆಗೆ ಹೋಗಲೆಂದು. ಮೂಸುಗಾರ ಬಂದಾಗ ಅವರು ಸಾವಕಾಶವಾಗಿ ಪಂಚೆಯ ಸೆರಗು ಬಿಡಿಸಿ, ಊಟಕ್ಕೆ ಕುಳಿತ ಮಗುವಿನ ಹಾಗೆ ಅಂಗೈ ಚಾಚಿದರು. ಅಗಲವಾಗಿ. ಹತ್ತಿರದ ಒಬ್ಬ ಒಡೆಯ ತಡೆಯಲಾರದೆ, "ಯಜಮಾನ್ರೇ, ಅಷ್ಟು ತೆರೀಬೇಡಿ" ಎಂದ.

ಮೂಸುಗಾರ ಬಗ್ಗಿದ. ಅವನ ಮೂಗಿಗಿಂತ ಮೊದಲು ಒಂದು ಕೆಂಪಗೆ ಸುಲಿದ ಕೈ ಬಂದು, ಆ ಅಂಗೈಯಲ್ಲಿ ಹಣ್ಣಿಟ್ಟಿತು.

ಮೂಸುಗಾರ ಪಡುವಣಕ್ಕೆ ತಿರುಗಿ ನೋಡಿದ. ಸೂರ್ಯನ ಒಂದು ಉಗುರಿನಷ್ಟು ಅಂಚು ಗುಡ್ಡದ ಮೇಲಿತ್ತು. "ಹೊತ್ತಿದೆ," ಎಂದ. "ಹಣ್ಣು ಸೇರಿತು."

ಯಜಮಾನರು ಹಣ್ಣನ್ನು ನೋಡಿದರು. ಅದು ಎಲ್ಲಿಂದ ಬಂತೆಂದು ಮೇಲಕ್ಕೆ ನೋಡಿದರು, ಮರದಿಂದ ಬಿತ್ತೇನೋ ಎನ್ನುವ ಹಾಗೆ. ಕೊನೆಗೆ ಅವಳ ಮುಖ ಕಂಡರು.

"ಮಾತು ಕೊಟ್ಟಿದ್ದೆಯಲ್ಲವ್ವ," ಎಂದರು. ಬೈಗುಳವಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅದು ಬೈಗುಳವಾಗಿರಲಿಲ್ಲ. ನೆನಪು ಮಾಡಿಕೊಡುವ ದನಿ, ಕೊಡೆ ಮರೆತು ಹೋಗುವವರಿಗೆ ಹೇಳುವಂಥ ದನಿ.

"ಬಾಣಂತಿ ಇದ್ದಾಳೆ ಯಜಮಾನ್ರೇ," ಎಂದಳು ಅವಳು.

ಆಗ ಮುದುಕನಿಗೂ ಹೊಳೆಯಿತು. ಕೈಯಲ್ಲಿ ಹಣ್ಣಿದೆ. ಮೂಸಿ ಮುಗಿದ ಕೈಗೂ ಹೊತ್ತು ಮುಳುಗುವ ತನಕ ಹಣ್ಣು ಸೇರಬಹುದು. ಸಾಲಿನ ಮೊದಲ ತುದಿಯಲ್ಲಿ ಎಣ್ಣೆ ಅಂಗಡಿಯವನಿದ್ದಾನೆ, ಮೂಸಿಸಿಕೊಂಡ ಕೈಯನ್ನು ಇನ್ನೂ ಅರ್ಧ ಬಿಚ್ಚಿಕೊಂಡೇ ಯಾರೊಡನೆಯೋ ನಗುತ್ತಿದ್ದಾನೆ. ಯಜಮಾನರು ಗಂಟನ್ನು ಕೆಳಗೆ ಹಾಕಿ ಓಡಿದರು. ಓಟವೆಂದರೆ ಓಟವೇ? ಒಂದು ಹೆಜ್ಜೆ. ಎರಡು ಹೆಜ್ಜೆ. ಜನ ದಾರಿ ಬಿಟ್ಟರು. ಒಡತಿಯ ಬಾಯಿಂದ, "ಬೇಗ ಬೇಗ" ಎಂಬ ಮಾತು ಬಂತು. ಮೂರನೆಯ ಹೆಜ್ಜೆಗೆ, ಹೊತ್ತು ಮುಳುಗಿತೆಂದು ಕಟ್ಟೆಯ ಮೇಲೆ ಶಂಖ ಊದಿದರು.

ಒಡತಿ ಮನೆಗೆ ಬಂದು ಬಾಗಿಲು ಹಾಕಿದಳು. ಹಾಕಿ, ಚಿಲಕದ ಮೇಲೆ ಕೈಯಿಟ್ಟು ನಿಂತಳು. ಕೂಸು ಮಲಗಿತ್ತು, ಕೆಂಡ ಕೆಂಪಗಿತ್ತು, ಸೂರು ತಲೆಯ ಮೇಲಿತ್ತು. ಸ್ವಲ್ಪ ಹೊತ್ತಿನಲ್ಲಿ ಹೊರಗೆ ಜಗುಲಿಯ ಮೇಲೆ ಗಂಟು ಇಟ್ಟ ಸದ್ದು, ಆಮೇಲೆ ಯಾರೋ ಮೊಣಕಾಲು ಹಿಡಿದುಕೊಂಡು ಕೂತ ಸದ್ದು, ಆಮೇಲೆ ಕೆಮ್ಮು.

"ಯಾರಮ್ಮ ಅದು?"

"ಈ ಮನೆಯ ಒಡೆಯರು."

"ಒಳಗೆ ಕರಿ."

"ಕರೆದ್ರೆ ಬರೋಲ್ಲ ಅವರು. ನಾನಿದ್ದಾಗ ಬರೋಕೆ ಅವರಿಗೆ ಹಕ್ಕಿಲ್ಲ ಅಂತಾರೆ."

ಅವಳು ಒಲೆಯ ಮುಂದೆ ಕುಳಿತಳು. ಬೆಳಗಿನಿಂದ ಯಾರೂ ಸರಿಯಾಗಿ ಉಂಡಿರಲಿಲ್ಲ. ಪಾತ್ರೆಯಲ್ಲಿ ಅನ್ನ ಉಳಿದಿತ್ತು, ಮೊಸರಿತ್ತು. ಬಲಗೈ ಹಾಕಿ ಕಲೆಸಿದಳು. ಸುಲಿದ ಚರ್ಮಕ್ಕೆ ಮೊಸರು ತಾಗಿ ಚುರುಚುರು ಎಂದಿತು. ಪಾತ್ರೆಯನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲು ತೆರೆದಳು.

ಯಜಮಾನರು ಕಂಬಕ್ಕೆ ಒರಗಿ ಕೂತಿದ್ದರು. ಪಡುವಣದಲ್ಲಿ ಇನ್ನೂ ಕೆಂಪಿತ್ತು, ಬೀದಿಯಲ್ಲಿ ಯಾರ್ಯಾರದೋ ಸಾಮಾನು ಯಾರ್ಯಾರದೋ ಬಾಗಿಲಿಗೆ ಹೋಗುತ್ತಿತ್ತು. ಅವರು ಅವಳನ್ನು ನೋಡಿ ಸರಿದು ಕೂತರು. ಬಲಗೈ ಆಗಲೇ ಮುಷ್ಟಿಯಾಗಿ ಎದೆಗೆ ಹೋಗಿತ್ತು.

ಅವಳು ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಉಂಡೆ ಮಾಡಿ, ಕೈತುತ್ತು ಹಾಕಲೆಂದು ಮುಂದೆ ಚಾಚಿದಳು.

"ಕೈ ಹಿಡೀರಿ ಯಜಮಾನ್ರೇ."

ಅವರು ಹಿಡಿಯಲಿಲ್ಲ. ಉಂಡೆಯನ್ನು ನೋಡಿದರು. ಅದು ಬೆಳ್ಳಗಿತ್ತು, ದುಂಡಗಿತ್ತು, ಅದರಿಂದಲೂ ಸ್ವಲ್ಪ ನಿಂಬೆಯ ವಾಸನೆ ಬರುತ್ತಿತ್ತು.

"ಅನ್ನ ಕಣ್ರೀ ಅದು. ಬರೀ ಅನ್ನ."

"ಹೂಂ," ಎಂದರು ಯಜಮಾನರು. ಎರಡು ಬೆರಳು ಬಿಚ್ಚಿದರು. ಮತ್ತೆ ತಡೆದರು.

"ಹೊತ್ತು ಮುಳುಗಿದೆ ತಾನೆ, ತಾಯಿ?"

ಮುಳುಗಿದೆ ಎನ್ನಲು ಅವಳು ಬಾಯಿ ತೆರೆದಳು. ಆದರೆ ಹಾಗೆನ್ನುವ ಮೊದಲು, ತುತ್ತು ಹಿಡಿದ ಕೈಯನ್ನು ತುಸು ಹಿಂದಕ್ಕೆಳೆದುಕೊಂಡು, ಅವಳೂ ಒಮ್ಮೆ ಪಡುವಣಕ್ಕೆ ತಿರುಗಿ ನೋಡಿದಳು.